ಹಿತ್ತಿಲ ಕೊಳಕ್ಕೊಂದು ಪುಟ್ಟ ಜಲಪಾತ: ನಿರ್ಮಾಣದ ಹಂತಗಳು ಮತ್ತು ಮುನ್ನೆಚ್ಚರಿಕೆಗಳು

ಮಲೆನಾಡಿನ ಹಲವು ಮನೆಗಳಿಗೆ ಹಿತ್ತಿಲಿನಲ್ಲಿ ನೀರು ಬೀಳುವ ಸದ್ದು ಹೊಸದಲ್ಲ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದುಬಂದ ಅಬ್ಬಿ ನೀರು ಹಗಲಿರುಳೂ ತೊಟ್ಟಿಗೆ ಸುರಿಯುತ್ತದೆ, ಹೆಚ್ಚಾದುದು ತೋಟಕ್ಕೆ ಹರಿಯುತ್ತದೆ. ಅಲ್ಲಿ ಪಂಪು ಬೇಕಿಲ್ಲ, ವಿದ್ಯುತ್ ಬೇಕಿಲ್ಲ. ನೆಲದ ಇಳಿಜಾರೇ ಎಲ್ಲ ಕೆಲಸವನ್ನೂ ಮಾಡುತ್ತದೆ. ಇಂತಹ ಅನುಕೂಲವಿಲ್ಲದ ಬಯಲುಸೀಮೆಯಲ್ಲಿ ಮತ್ತು ನಗರಗಳಲ್ಲಿ ಅದೇ ನೋಟವನ್ನು, ಅದೇ ನಾದವನ್ನು ಬಯಸುವವರು ಕೃತಕ ಜಲಪಾತದ ಮೊರೆ ಹೋಗುತ್ತಾರೆ.

ಕೊಳದ ನೀರನ್ನು ಪಂಪಿನಿಂದ ಮೇಲೆತ್ತಿ, ಕಲ್ಲುಗಳ ಮೇಲಿಂದ ಮರಳಿ ಕೊಳಕ್ಕೆ ಬೀಳಿಸುವುದೇ ಇದರ ತತ್ವ. ತತ್ವವೂ ಹೊಸದಲ್ಲ. ವಿಜಯಪುರದ ಸಮೀಪದ ಕುಮಟಗಿಯಲ್ಲಿರುವ ಆದಿಲ್‌ಶಾಹಿ ಕಾಲದ ಜಲಮಂಟಪದಲ್ಲಿಯೂ ನೀರನ್ನು ಮೊದಲು ಎತ್ತರಕ್ಕೇರಿಸಿ, ಬಳಿಕ ಕೊಳವೆಗಳ ಮೂಲಕ ಇಳಿಸಿ ಚಿಮ್ಮಿಸಲಾಗುತ್ತಿತ್ತು.

ನೋಡಲು ಸರಳವಾದ ಈ ರಚನೆ ಕಟ್ಟಿದ ಕೆಲವೇ ತಿಂಗಳುಗಳಲ್ಲಿ ಒಣಗಿ, ಪಾಚಿ ಹಿಡಿದು, ಸೊಳ್ಳೆಗಳ ನೆಲೆಯಾಗುವುದೂ ಉಂಟು. ನೀರು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ ದಿನವೂ ನಲ್ಲಿ ತಿರುಗಿಸುವವರೂ ಇದ್ದಾರೆ. ಆದ್ದರಿಂದ ಕಲ್ಲು ಕೊಳ್ಳುವುದಕ್ಕೆ ಮೊದಲು ಲೆಕ್ಕ ಹಾಕುವುದು ಒಳಿತು.

ಸ್ಥಳದ ಆಯ್ಕೆ

ಮನೆಯವರು ಹೆಚ್ಚು ಹೊತ್ತು ಕಳೆಯುವ ಜಗಲಿ ಅಥವಾ ಕಿಟಕಿಗೆ ಎದುರಾಗಿ ನೀರು ಬೀಳುವಂತಿದ್ದರೆ ಮಾತ್ರ ಜಲಪಾತದಿಂದ ಪ್ರಯೋಜನ. ವಾಸ್ತು ನೋಡುವವರು ಈಶಾನ್ಯ ಮೂಲೆಯನ್ನು ಆರಿಸುವುದುಂಟು. ಯಾವ ಮೂಲೆಯಾದರೂ ಮಳೆಗಾಲದಲ್ಲಿ ಅಂಗಳದ ಕೊಳೆನೀರೆಲ್ಲ ಹರಿದು ಬಂದು ಸೇರುವ ತಗ್ಗು ಜಾಗವಾಗಿರಬಾರದು. ಗೊಬ್ಬರ, ಕೀಟನಾಶಕ ಬೆರೆತ ಹರಿನೀರು ಒಮ್ಮೆ ಕೊಳವನ್ನು ಸೇರಿದರೆ ಮೀನುಗಳು ಉಳಿಯಲಾರವು.

ಆಲ, ಅತ್ತಿ, ಅರಳಿ ಮರಗಳ ಬೇರುಗಳು ಕೊಳದ ತಳವನ್ನು ಸೀಳುತ್ತವೆ. ಎಲೆ ಉದುರಿಸುವ ಯಾವ ಮರದ ಕೆಳಗೂ ಕೊಳ ಬೇಡ. ಕೊಳೆತ ಎಲೆ ನೀರಿನ ಆಮ್ಲಜನಕವನ್ನು ಹೀರಿ, ಪಂಪಿನ ಬಾಯಿಯನ್ನೂ ಕಟ್ಟುತ್ತದೆ. ಕಣಗಿಲೆ ಗಿಡ ವಿಷಯುಕ್ತವಾದುದರಿಂದ ಅದನ್ನು ನೀರಿನ ಅಂಚಿನಲ್ಲಿ ನೆಡಬಾರದು. ಮನೆಯ ಅಡಿಪಾಯ, ಶೌಚಗುಂಡಿ ಮತ್ತು ಕುಡಿಯುವ ನೀರಿನ ಸಂಪಿನಿಂದ ಸಾಕಷ್ಟು ಅಂತರವಿರಬೇಕು. ಆವರಣ ಗೋಡೆಗೆ ಮಣ್ಣಿನ ದಿಬ್ಬವನ್ನು ಒರಗಿಸಿದರೆ ತೇವ ಗೋಡೆಗಿಳಿಯುತ್ತದೆ. ಮಣ್ಣಿನ ಒತ್ತಡಕ್ಕೆ ತೆಳುಗೋಡೆ ವಾಲುವ ಸಂಭವವೂ ಇದೆ. ನೆರೆಮನೆಯ ಮಲಗುವ ಕೋಣೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಗಮನಿಸಬೇಕು. ಹಗಲಿನಲ್ಲಿ ಇಂಪಾಗಿ ಕೇಳುವ ಸದ್ದು ನಡುರಾತ್ರಿಯಲ್ಲಿ ಬೇರೆಯವರಿಗೆ ಕಿರಿಕಿರಿಯಾಗಬಹುದು.

ಕೊಳದ ಗಾತ್ರ ಮತ್ತು ನೀರಿನ ಲೆಕ್ಕ

ಉದ್ದ, ಅಗಲ ಮತ್ತು ಆಳಗಳನ್ನು ಮೀಟರಿನಲ್ಲಿ ಗುಣಿಸಿ, ಬಂದುದನ್ನು 1,000ದಿಂದ ಗುಣಿಸಿದರೆ ಕೊಳದ ನೀರು ಲೀಟರಿನಲ್ಲಿ ದೊರೆಯುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂ.ಮೀ. ಆಳದ ಕೊಳ ಹಿಡಿಯುವುದು 3,600 ಲೀಟರ್. ಮುಂದಿನ ಲೆಕ್ಕಗಳಿಗೆಲ್ಲ ಇದೇ ಕೊಳವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಜಲಪಾತಕ್ಕೆ ಬೇಕಾದ ನೀರು ಅದರ ಎತ್ತರವನ್ನು ಅವಲಂಬಿಸಿಲ್ಲ, ನೀರು ಧುಮುಕುವ ಅಂಚಿನ ಅಗಲವನ್ನು ಅವಲಂಬಿಸಿದೆ. ಅಂಚಿನ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಗಂಟೆಗೆ ಸುಮಾರು 150 ಲೀಟರ್ ಹರಿದರೆ ತೆಳುವಾದ, ತುಂಡಾಗದ ನೀರಿನ ಪರದೆ ಮೂಡುತ್ತದೆ. 30 ಸೆಂ.ಮೀ. ಅಗಲದ ಅಂಚಿಗೆ ಗಂಟೆಗೆ 4,500 ಲೀಟರ್ ಬೇಕು. ಇದಕ್ಕಿಂತ ಕಡಿಮೆಯಾದರೆ ನೀರು ಪರದೆಯಾಗದೆ ಎಳೆಎಳೆಯಾಗಿ ಒಡೆದು, ಕಲ್ಲಿನ ಮೈಗೆ ಅಂಟಿಕೊಂಡು ಇಳಿಯುತ್ತದೆ. ಹೆಚ್ಚು ನೀರು ಸಾಗಿಸಲಾಗದಿದ್ದರೆ ಅಂಚನ್ನು ಕಿರಿದಾಗಿಸುವುದೇ ದಾರಿ. ಒರಟು ಮೈಯ ಇಳಿಜಾರು ಕಲ್ಲನ್ನು ಬಳಸುವುದು ಮತ್ತೊಂದು ಉಪಾಯ. ಮೊಗಲರ ಉದ್ಯಾನಗಳಲ್ಲಿ ಚಾದರ್ ಎಂದು ಕರೆಯಲಾಗುವ ಕೆತ್ತನೆಯ ಇಳಿಜಾರು ಹಾಸುಗಲ್ಲುಗಳ ಮೇಲೆ ಹರಿಯುವ ತೆಳು ನೀರೂ ನೊರೆಯೆದ್ದು ಹೊಳೆಯುತ್ತದೆ. ಕಡಿಮೆ ನೀರಿನಲ್ಲಿ ಹೆಚ್ಚಿನ ನೋಟ ಪಡೆಯುವ ಹಳೆಯ ಜಾಣ್ಮೆ ಇದು.

ಇಡೀ ಕೊಳದ ನೀರು ಒಂದೆರಡು ಗಂಟೆಗಳಿಗೊಮ್ಮೆಯಾದರೂ ಪಂಪಿನ ಮೂಲಕ ಸುತ್ತಿ ಬರಬೇಕೆಂಬುದು ಸಾಮಾನ್ಯ ನಿಯಮ. ಉದಾಹರಣೆಯ ಕೊಳದಲ್ಲಿ ಇದು ಒಂದು ಗಂಟೆಯೊಳಗೇ ಆಗುತ್ತದೆ.

ಎತ್ತರ ಎಷ್ಟಿರಬೇಕು?

ಜೋಗದ ಎತ್ತರ 253 ಮೀಟರ್. ಹಿತ್ತಿಲಿಗೆ ಒಂದು ಮೀಟರ್ ಕೂಡ ಹೆಚ್ಚೇ. ಒಟ್ಟು 45ರಿಂದ 75 ಸೆಂ.ಮೀ. ಎತ್ತರವನ್ನು ಎರಡು ಮೂರು ಮೆಟ್ಟಿಲುಗಳಾಗಿ ಒಡೆದರೆ ನೋಟವೂ ಸಹಜವಾಗಿರುತ್ತದೆ, ನೀರು ಹೊರಗೆ ಸಿಡಿದು ನಷ್ಟವಾಗುವುದೂ ಕಡಿಮೆಯಾಗುತ್ತದೆ. ಎತ್ತರ ಹೆಚ್ಚಿದಂತೆ ಸಿಡಿತ, ಸದ್ದು, ವಿದ್ಯುತ್ ವೆಚ್ಚ ಮೂರೂ ಹೆಚ್ಚುತ್ತವೆ.

ಕೊಳ ತೋಡಿದಾಗ ಬಂದ ಮಣ್ಣನ್ನೇ ದಿಬ್ಬಕ್ಕೆ ಬಳಸಬಹುದು. ಆದರೆ ಮಣ್ಣನ್ನು ಒಮ್ಮೆಗೇ ಸುರಿದು ಕಲ್ಲು ಕೂರಿಸಬಾರದು. 15 ಸೆಂ.ಮೀ. ದಪ್ಪದ ಪದರಗಳಾಗಿ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹಾಕಿ ಗಟ್ಟಿಗೊಳಿಸಬೇಕು. ಸಮಯವಿದ್ದವರು ದಿಬ್ಬವನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟು, ಅದು ಕುಸಿಯುವಷ್ಟು ಕುಸಿದ ಮೇಲೆ ಕಲ್ಲು ಜೋಡಿಸುವುದು ಉತ್ತಮ. ದಿಬ್ಬ ಎರಡು ಸೆಂಟಿಮೀಟರ್ ವಾಲಿದರೂ ನೀರು ಅಂಚಿನ ಒಂದೇ ಬದಿಯಿಂದ ಸುರಿಯತೊಡಗುತ್ತದೆ.

ನೀರು ಇಂಗದಂತೆ ತಳ ಕಟ್ಟುವುದು

ಕೊಳಕ್ಕೆ ಮತ್ತು ಜಲಪಾತದ ಹರಿವಿಗೆ ಸಾಮಾನ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ಹಾಳೆ ಹಾಸುವುದು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡಗಳಿಂದಾಗಿ ಪಾಲಿಥೀನ್ ಹಾಳೆ ರೈತರಿಗೆಲ್ಲ ಪರಿಚಿತವಾಗಿದೆ. ಎಚ್‌ಡಿಪಿಇ ಹಾಳೆ ಗಟ್ಟಿ ಮತ್ತು ಅಗ್ಗ. ಆದರೆ ಬಿರುಸಾದುದರಿಂದ ಸಣ್ಣ ಕೊಳದ ಮೂಲೆಗಳಲ್ಲಿ ಹಾಗೂ ಮೆಟ್ಟಿಲುಗಳಲ್ಲಿ ಮಡಚಿ ಕೂರಿಸುವುದು ಕಷ್ಟ. ಇಪಿಡಿಎಂ ಎಂಬ ರಬ್ಬರ್ ಹಾಳೆ ದುಬಾರಿಯಾದರೂ ಬಟ್ಟೆಯಂತೆ ಬಾಗುತ್ತದೆ, ಬಿಸಿಲನ್ನೂ ತಡೆಯುತ್ತದೆ. ಮಾರುಕಟ್ಟೆಯ ತೆಳು ಟಾರ್ಪಾಲು ಒಂದೆರಡು ಬೇಸಿಗೆಗಳಲ್ಲಿಯೇ ಪುಡಿಯಾಗುವುದರಿಂದ ಅದನ್ನು ನೆಚ್ಚಬಾರದು.

ಹಾಳೆಯ ಅಳತೆ ಹೀಗೆ: ಕೊಳದ ಉದ್ದಕ್ಕೆ ಆಳದ ಎರಡರಷ್ಟನ್ನು ಕೂಡಿಸಿ, ಅಂಚಿಗೆಂದು ಒಟ್ಟು 60 ಸೆಂ.ಮೀ. ಸೇರಿಸಬೇಕು. ಅಗಲಕ್ಕೂ ಇದೇ ಲೆಕ್ಕ. ಉದಾಹರಣೆಯ ಕೊಳಕ್ಕೆ 4.8 ಮೀಟರ್ ಉದ್ದ, 3.8 ಮೀಟರ್ ಅಗಲದ ಹಾಳೆ ಬೇಕಾಗುತ್ತದೆ. ಹಾಳೆಯ ಕೆಳಗೆ ಚೂಪು ಕಲ್ಲು, ಬೇರುಗಳನ್ನು ಆಯ್ದು ತೆಗೆದು, 5 ಸೆಂ.ಮೀ. ಮರಳು ಅಥವಾ ಹಳೆಯ ಜಮಖಾನೆ, ಗೋಣಿಚೀಲಗಳನ್ನು ಹಾಸಬೇಕು.

ಜಲಪಾತದ ಹರಿವಿಗೆ ಬೇರೆ ತುಂಡು ಬಳಸುವುದಾದರೆ ಒಂದು ನಿಯಮವನ್ನು ಮರೆಯಬಾರದು. ಹೆಂಚು ಹೊದಿಸುವವರು ಮೇಲಿನ ಹೆಂಚನ್ನು ಕೆಳಗಿನದರ ಮೇಲೆ ಬರುವಂತೆ ಇಡುತ್ತಾರೆ. ಹಾಗೆಯೇ ಹರಿವಿನ ಹಾಳೆಯ ತುದಿ ಕೊಳದ ಹಾಳೆಯ ಮೇಲೆ ಕನಿಷ್ಠ 30 ಸೆಂ.ಮೀ. ಚಾಚಿರಬೇಕು. ಇದು ತಲೆಕೆಳಗಾದರೆ ನೀರು ಎರಡು ಹಾಳೆಗಳ ನಡುವೆ ನುಸುಳಿ ದಿಬ್ಬದ ಮಣ್ಣನ್ನು ಒಳಗಿಂದೊಳಗೇ ಕೊಚ್ಚುತ್ತದೆ. ಹರಿವಿನ ಇಕ್ಕೆಲಗಳಲ್ಲಿಯೂ ಹಾಳೆಯ ಅಂಚು ನೀರಿನ ಮಟ್ಟಕ್ಕಿಂತ 10 ಸೆಂ.ಮೀ. ಮೇಲಿರಬೇಕು.

ಎರಡನೆಯದು ಗಾರೆಯ ವಿಧಾನ. ಕಬ್ಬಿಣದ ಸರಳು ಮತ್ತು ಕೋಳಿಜಾಲರಿಯ ಮೇಲೆ ಜಲನಿರೋಧಕ ಬೆರೆಸಿದ ಸಿಮೆಂಟ್ ಗಾರೆಯನ್ನು ಬಳಿಯುವ ಈ ಕೆಲಸವನ್ನು ನುರಿತ ಮೇಸ್ತ್ರಿಗಳು ಮಾಡಬಲ್ಲರು. ಜಾಲರಿಯಿಲ್ಲದ ಗಾರೆ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಬಿರುಕು ಬಿಡುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣದಂಶ ನೀರಿಗಿಳಿದು ಕ್ಷಾರ ಏರುವುದರಿಂದ, ಕೊಳವನ್ನು ಕೆಲವು ಬಾರಿ ತುಂಬಿ ಬರಿದು ಮಾಡಿದ ಬಳಿಕವೇ ಮೀನು ಬಿಡಬೇಕು. ಹೊರಚೆಲ್ಲುವ ಈ ನೀರನ್ನು ಗಿಡಗಳ ಬುಡಕ್ಕೆ ಹಾಕಬಾರದು. ಕರಾವಳಿಯಲ್ಲಿ ಮುರಕಲ್ಲಿನಿಂದ ಕಟ್ಟುವವರು ಆ ಕಲ್ಲು ಸರಂಧ್ರವಾದುದೆಂಬುದನ್ನು ನೆನಪಿಡಬೇಕು. ಮುರಕಲ್ಲು ನೋಟಕ್ಕಷ್ಟೇ ಸಲ್ಲುತ್ತದೆ, ನೀರನ್ನು ತಡೆಯಲು ಅದರ ಹಿಂದೆ ಹಾಳೆ ಅಥವಾ ಗಾರೆ ಇರಲೇಬೇಕು.

ಕಲ್ಲು ಕೂರಿಸುವ ಕ್ರಮ

ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ದಿಬ್ಬದ ಬುಡದಲ್ಲಿ ಭಾರವಾದ ಸೈಜುಗಲ್ಲುಗಳು, ಅವುಗಳ ಮೇಲೆ ಇಕ್ಕೆಲದ ಬಂಡೆಗಳು, ಕೊನೆಗೆ ನೀರು ಧುಮುಕುವ ಚಪ್ಪಡಿ. ಈ ಚಪ್ಪಡಿಯೇ ಇಡೀ ರಚನೆಯ ಜೀವಾಳ. ಶಹಾಬಾದ್ ಅಥವಾ ಕಡಪ ಕಲ್ಲಿನ ಸಮತಟ್ಟಾದ ತುಂಡು ಇದಕ್ಕೆ ಸಾಕು. ಅಡ್ಡಲಾಗಿ ರಸಮಟ್ಟವಿಟ್ಟು ನೋಡಿ ಸಮವಾಗಿ ಕೂರಿಸಬೇಕು. ಮುಂಭಾಗ ಕೆಳಗಿನ ಕಲ್ಲಿಗಿಂತ 5ರಿಂದ 8 ಸೆಂ.ಮೀ. ಮುಂದಕ್ಕೆ ಚಾಚಿರಬೇಕು. ಅಂಚಿನ ಅಡಿಭಾಗದಲ್ಲಿ ಒಂದು ಸಣ್ಣ ಗಾಡಿ ಕೊರೆದರೆ, ನೀರು ಚಪ್ಪಡಿಯ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹರಿಯದೆ ನೇರವಾಗಿ ಬೀಳುತ್ತದೆ. ಮನೆಯ ಸಜ್ಜೆಯ ಕೆಳಗೆ ಮೇಸ್ತ್ರಿಗಳು ಮಾಡುವುದೂ ಇದನ್ನೇ.

ಹೊಸದಾಗಿ ಕಟ್ಟಿದವರು ಪಂಪು ಚಾಲೂ ಮಾಡಿದಾಗ ಎದುರಿಸುವ ಮೊದಲ ನಿರಾಶೆ ಎಂದರೆ, ನೀರು ಚಪ್ಪಡಿಯ ಮೇಲೆ ಹರಿಯದೆ ಅದರ ಕೆಳಗಿನ ಸಂದುಗಳಲ್ಲಿ ಮಾಯವಾಗುವುದು. ನೀರು ಹಾಳೆಯ ಮೇಲೇ ಇರುವುದರಿಂದ ನಷ್ಟವೇನೂ ಇಲ್ಲ, ಆದರೆ ಜಲಪಾತ ಕಾಣುವುದಿಲ್ಲ. ಚಪ್ಪಡಿಯ ಅಡಿ ಹಾಗೂ ಇಕ್ಕೆಲದ ಸಂದುಗಳನ್ನು ಜಲನಿರೋಧಕ ಗಾರೆಯಿಂದ ಅಥವಾ ಉಬ್ಬುವ ಪಿಯು ಫೋಮಿನಿಂದ ಮುಚ್ಚಿದರೆ ಸಮಸ್ಯೆ ಪರಿಹಾರವಾಗುತ್ತದೆ. ಸಂದುಗಳನ್ನು ಮುಚ್ಚುವುದರಿಂದ ಮತ್ತೊಂದು ಲಾಭವೂ ಇದೆ: ಇಲಿಗಳು ಬಿಲ ಮಾಡುವುದಿಲ್ಲ, ಇಲಿಗಳನ್ನು ಅರಸಿ ಹಾವುಗಳೂ ಬರುವುದಿಲ್ಲ. ಕಪ್ಪೆಗಳಿಗಾಗಿ ಬರುವ ನೀರುಹಾವು ವಿಷರಹಿತವಾದುದು, ಅದನ್ನು ಕೊಲ್ಲುವ ಅಗತ್ಯವಿಲ್ಲ.

ಸದ್ದನ್ನು ತಿದ್ದುವುದೂ ಕಲ್ಲಿನ ಕೆಲಸವೇ. ನೀರು ನೇರವಾಗಿ ಆಳದ ನೀರಿಗೆ ಬಿದ್ದರೆ ಗಂಭೀರ ಸದ್ದು, ಚಪ್ಪಟೆ ಕಲ್ಲಿಗೆ ಬಿದ್ದರೆ ಚಟಪಟ ಸದ್ದು. ಬೀಳುವಲ್ಲಿ ಒಂದೆರಡು ಗುಂಡುಕಲ್ಲುಗಳನ್ನು ಅತ್ತಿತ್ತ ಸರಿಸಿ ನೋಡಿ, ಬೇಕಾದ ಸದ್ದು ದೊರೆತ ಮೇಲೆ ಗಾರೆ ಹಾಕುವುದು ಸರಿಯಾದ ಕ್ರಮ.

ಪಂಪು ಮತ್ತು ಕೊಳವೆ

ಅಂಗಡಿಯ ಡಬ್ಬಿಯ ಮೇಲೆ ಮುದ್ರಿತವಾಗಿರುವ ಲೀಟರಿನ ಸಂಖ್ಯೆ ಶೂನ್ಯ ಎತ್ತರದಲ್ಲಿ ಪಂಪು ಕೊಡುವ ನೀರು. ಗರಿಷ್ಠ ಎತ್ತರ ಎಂದು ಬರೆದಿರುವುದು, ಆ ಎತ್ತರದಲ್ಲಿ ಹೊರಬರುವ ನೀರು ಸೊನ್ನೆ ಎಂದರ್ಥ. ಈ ಎರಡರ ನಡುವಿನ ರೇಖೆಯಲ್ಲಿ ಬೇಕಾದ ಬಿಂದುವನ್ನು ಆರಿಸಬೇಕು. ಗರಿಷ್ಠ ಎತ್ತರ 3 ಮೀಟರ್ ಎಂದಿರುವ ಪಂಪು ಒಂದೂವರೆ ಮೀಟರಿನಲ್ಲಿ ಡಬ್ಬಿಯ ಮೇಲಿನ ಸಂಖ್ಯೆಯ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡಬಹುದು.

ಎತ್ತರವನ್ನು ಪಂಪು ಕುಳಿತಿರುವ ತಳದಿಂದಲ್ಲ, ಕೊಳದ ನೀರಿನ ಮೇಲ್ಮೈಯಿಂದ ಕೊಳವೆಯ ಬಾಯಿಯವರೆಗೆ ಅಳೆಯಬೇಕು. ಅದಕ್ಕೆ ಕೊಳವೆಯ ಘರ್ಷಣೆಯನ್ನು ಸೇರಿಸಬೇಕು. ಉದಾಹರಣೆಯ ಕೊಳದಲ್ಲಿ 75 ಸೆಂ.ಮೀ. ಎತ್ತರಕ್ಕೆ ಐದು ಮೀಟರ್ ಉದ್ದದ 40 ಮಿ.ಮೀ. ಕೊಳವೆ ಹಾಗೂ ಬಾಗುಗಳ ಘರ್ಷಣೆ ಸೇರಿ ಸುಮಾರು 1.1 ಮೀಟರ್ ಆಗುತ್ತದೆ. ಅಂದರೆ 1.1 ಮೀಟರಿನಲ್ಲಿ ಗಂಟೆಗೆ 4,500 ಲೀಟರ್ ಕೊಡುವ ಪಂಪು ಬೇಕು. ಕೊಳವೆ 25 ಮಿ.ಮೀ.ಗೆ ಇಳಿದರೆ ಅದೇ ನೀರು ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡಬೇಕಾಗಿ ಬಂದು ಘರ್ಷಣೆ ಹಲವು ಪಟ್ಟು ಏರುತ್ತದೆ. ಕೊಳವೆಯಲ್ಲಿ ಉಳಿಸಿದ ಹಣ ವಿದ್ಯುತ್ ಬಿಲ್ಲಿನಲ್ಲಿ ಹೋಗುತ್ತದೆ. ಮಧ್ಯದಲ್ಲಿ ಒಂದು ವಾಲ್ವ್ ಇದ್ದರೆ ಹರಿವನ್ನು ಬೇಕಾದಂತೆ ಹೊಂದಿಸಬಹುದು.

ಪಂಪನ್ನು ಜಲಪಾತದಿಂದ ದೂರದ ತುದಿಯಲ್ಲಿ, ಕೆಸರಿಗೆ ತಾಗದಂತೆ ಎರಡು ಇಟ್ಟಿಗೆಗಳ ಮೇಲೆ, ಜಾಲರಿಯ ಬುಟ್ಟಿಯೊಳಗೆ ಇಡಬೇಕು. ಹತ್ತಿರವೇ ಇಟ್ಟರೆ ಅದೇ ನೀರು ಸುತ್ತುತ್ತದೆ, ಉಳಿದ ಭಾಗ ನಿಂತ ನೀರಾಗಿಯೇ ಉಳಿಯುತ್ತದೆ. ನೀರಿಲ್ಲದೆ ಓಡಿದ ಪಂಪು ಬೇಗನೆ ಸುಟ್ಟುಹೋಗುವುದರಿಂದ, ಮೇಲಿನ ಹರಿವು ಸೋರಿ ಕೊಳ ಬರಿದಾದರೂ ತಳದಲ್ಲಿ ಮೀನುಗಳಿಗಷ್ಟು ನೀರು ಉಳಿಯುವಂತೆ ಅದನ್ನು ತುಸು ಎತ್ತರದಲ್ಲಿಟ್ಟು, ನೀರು ಇಳಿದಾಗ ತಾನೇ ನಿಲ್ಲುವ ಫ್ಲೋಟ್ ಸ್ವಿಚ್ ಜೋಡಿಸುವುದು ಸುರಕ್ಷಿತ.

ಕೊಳವೆಯ ಬಾಯಿ ಮೇಲಿನ ತೊಟ್ಟಿಯ ನೀರಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ವಿದ್ಯುತ್ ಹೋದೊಡನೆ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಇಳಿದು ಕೊಳ ಉಕ್ಕುತ್ತದೆ. ಅನಿವಾರ್ಯವಾದರೆ ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ಜೋಡಿಸಬೇಕು. ಹರಿವಿನಲ್ಲಿ ನಿಂತಿರುವ ನೀರಿನ ಲೆಕ್ಕವೂ ಇರಲಿ. 2 ಮೀಟರ್ ಉದ್ದ, 40 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ಹರಿವಿನಲ್ಲಿ 40 ಲೀಟರ್ ನೀರಿರುತ್ತದೆ. ಪಂಪು ನಿಂತಾಗ ಅದು ಕೊಳಕ್ಕಿಳಿದು ಮಟ್ಟವನ್ನು ಸುಮಾರು 7 ಮಿ.ಮೀ. ಏರಿಸುತ್ತದೆ. ಅಷ್ಟು ಜಾಗವನ್ನು ಬಿಟ್ಟೇ ಕೊಳ ತುಂಬಬೇಕು.

ವಿದ್ಯುತ್: ಅಜಾಗ್ರತೆಗೆ ಅವಕಾಶವಿಲ್ಲ

ನೀರಿನಲ್ಲಿ ಮುಳುಗಿದ ಪಂಪಿನ ತಂತಿಯಲ್ಲಿ ಸಣ್ಣ ಬಿರುಕಿದ್ದರೂ ಕೊಳಕ್ಕೆ ಕೈಹಾಕಿದವರ ಜೀವಕ್ಕೆ ಅಪಾಯ. ಆದ್ದರಿಂದ ಈ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಕಡ್ಡಾಯವಾಗಿ ಇರಬೇಕು. ಸಾಮಾನ್ಯ ಎಂಸಿಬಿ ತಂತಿಯನ್ನು ಕಾಪಾಡುತ್ತದೆಯೇ ಹೊರತು ಮನುಷ್ಯರನ್ನಲ್ಲ. ಅರ್ಥಿಂಗ್ ಸರಿಯಾಗಿರುವುದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಪರೀಕ್ಷಿಸಬೇಕು. ತಂತಿಗೆ ನೀರಿನೊಳಗೆ ಜೋಡಣೆ ಇರಕೂಡದು, ಟೇಪು ಸುತ್ತಿದ ಜೋಡಣೆಯಂತೂ ಮೃತ್ಯುವಿಗೆ ಆಹ್ವಾನ. ಪ್ಲಗ್ ಮಳೆ ತಾಗದ ಎತ್ತರದಲ್ಲಿದ್ದು, ತಂತಿ ಅದಕ್ಕಿಂತ ಕೆಳಗೆ ಒಮ್ಮೆ ಬಳುಕಿ ಮೇಲೇರಬೇಕು. ಹಾಗಾದರೆ ತಂತಿಗುಂಟ ಹರಿದ ನೀರು ಪ್ಲಗ್ ತಲುಪದೆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಕೊಳದಲ್ಲಿ ಯಾವ ಕೆಲಸಕ್ಕೂ ಮೊದಲು ಪ್ಲಗ್ ಕಿತ್ತಿರಬೇಕು.

90 ವ್ಯಾಟ್ ಪಂಪು ದಿನವಿಡೀ ಓಡಿದರೆ ತಿಂಗಳಿಗೆ ಸುಮಾರು 65 ಯೂನಿಟ್, ಎಂಟು ಗಂಟೆ ಓಡಿದರೆ ಸುಮಾರು 22 ಯೂನಿಟ್ ಖರ್ಚಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್‌ಗಳು ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾದವು. ಆ ಸೌಲಭ್ಯ ಪಡೆಯುತ್ತಿರುವ ಮನೆಗಳು ಈ ಹೆಚ್ಚುವರಿ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೋರಿಕೆ ಪತ್ತೆ ಹೇಗೆ?

ಕೊಳದ ಮಟ್ಟ ಇಳಿಯುತ್ತಿದ್ದರೆ ಮೊದಲು ಪಂಪು ನಿಲ್ಲಿಸಿ, ಮಟ್ಟವನ್ನು ಗುರುತು ಮಾಡಿ, 24 ಗಂಟೆ ಕಾಯಬೇಕು. ಪಕ್ಕದಲ್ಲಿಯೇ ಬಕೆಟಿನಲ್ಲಿ ನೀರು ತುಂಬಿಟ್ಟು ಅದರಲ್ಲಿಯೂ ಗುರುತು ಮಾಡಬೇಕು. ಎರಡೂ ಸರಿಸುಮಾರು ಒಂದೇ ಅಳತೆಯಲ್ಲಿ ಇಳಿದರೆ ಅದು ಬಿಸಿಲಿಗೆ ಆರಿದ ನೀರು. ಕೊಳ ಹೆಚ್ಚು ಇಳಿದರೆ ತಳದಲ್ಲಿ ಸೋರಿಕೆಯಿದೆ. ಯಾವ ಮಟ್ಟದಲ್ಲಿ ಇಳಿಯುವುದು ನಿಲ್ಲುವುದೋ ಅದೇ ಮಟ್ಟದಲ್ಲಿ ಹಾಳೆಯನ್ನು ಹುಡುಕಬೇಕು. ಪಂಪು ಓಡುವಾಗ ಮಾತ್ರ ನೀರು ಇಳಿಯುತ್ತಿದ್ದರೆ ದೋಷ ಹರಿವಿನಲ್ಲಿದೆ. ಸಿಡಿತ, ಕುಸಿದ ಅಂಚು, ಎಲೆ ಕಟ್ಟಿ ಪಕ್ಕಕ್ಕೆ ಹರಿದ ನೀರು ಇದಕ್ಕೆ ಸಾಮಾನ್ಯ ಕಾರಣಗಳು.

ನೀರು ಎಲ್ಲಿಂದ?

ಇದು ಹಿತ್ತಿಲ ಜಲಪಾತದ ಅತಿ ಮುಖ್ಯ ಪ್ರಶ್ನೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಆರಿದರೆ, 6 ಚದರ ಮೀಟರ್ ಕೊಳದಿಂದ ಹೋಗುವುದು 36 ಲೀಟರ್. ಸಿಡಿತದ ನಷ್ಟ ಬೇರೆ. ನಗರಗಳ ನೀರು ಪೂರೈಕೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಬಳಕೆಯಲ್ಲಿರುವ ಮಾನದಂಡ. ಅದರ ಕಾಲುಭಾಗಕ್ಕೂ ಹೆಚ್ಚಿನ ನೀರು ಹೀಗೆ ಗಾಳಿಗೆ ಸೇರುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿನ ಕೊರತೆಯಿಂದ ತತ್ತರಿಸಿದಾಗ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಅಂತಹ ದಿನಗಳಲ್ಲಿ ಟ್ಯಾಂಕರ್ ನೀರಿನಿಂದ ಜಲಪಾತ ನಡೆಸುವುದು ಸಮರ್ಥನೀಯವಲ್ಲ.

ಚಾವಣಿಯ ಮಳೆನೀರೇ ಇದಕ್ಕೆ ತಕ್ಕ ಮೂಲ. 60 ಚದರ ಮೀಟರ್ ಚಾವಣಿಯ ಮೇಲೆ 75 ಮಿ.ಮೀ. ಮಳೆ ಬಿದ್ದು, ಅದರಲ್ಲಿ ನೂರಕ್ಕೆ 80ರಷ್ಟು ಸಂಗ್ರಹವಾದರೆ 3,600 ಲೀಟರ್ ದೊರೆಯುತ್ತದೆ. ಉದಾಹರಣೆಯ ಕೊಳ ಅಷ್ಟರಿಂದಲೇ ತುಂಬುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು ಮುಂದಿನದನ್ನು ಕೊಳಕ್ಕೆ ತಿರುಗಿಸಬೇಕು. ಬೇಸಿಗೆಗೆಂದು ಒಂದು ಪ್ರತ್ಯೇಕ ತೊಟ್ಟಿಯಲ್ಲಿ ಮಳೆನೀರು ಉಳಿಸಿಟ್ಟರೆ ಇನ್ನೂ ಒಳ್ಳೆಯದು. ಮೀನಿಲ್ಲದ ಜಲಪಾತವನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಪೂರ್ಣವಾಗಿ ಒಣಗಿಸಿಡುವುದೂ ಒಂದು ಮಾರ್ಗ. ಕೊರೆಬಾವಿಯ ಗಡಸು ನೀರು ಕಲ್ಲುಗಳ ಮೇಲೆ ಬಿಳಿಯ ಲವಣದ ಪಟ್ಟೆಗಳನ್ನು ಬಿಡುತ್ತದೆ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಮೀನುಗಳಿಗೆ ಮಾರಕವಾದುದರಿಂದ ಒಂದೆರಡು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸಬೇಕು.

ಮೀನುಗಳು ಮತ್ತು ಮುಂಜಾವಿನ ಉಸಿರು

ಬೀಳುವ ನೀರು ಗಾಳಿಯ ಆಮ್ಲಜನಕವನ್ನು ಕೊಳಕ್ಕೆ ಬೆರೆಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ಮತ್ತು ಜಲಸಸ್ಯಗಳೇ ರಾತ್ರಿ ಅದನ್ನು ಬಳಸಿಕೊಳ್ಳುತ್ತವೆ. ಹೀಗಾಗಿ ಕೊಳದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು.

ಬಹುತೇಕ ಮನೆಗಳಲ್ಲಿ ಜಲಪಾತ ಓಡುವುದು ಸಂಜೆ, ನೆಂಟರಿಷ್ಟರು ಬಂದಾಗ. ಮಲಗುವ ಮುನ್ನ ಸ್ವಿಚ್ ಆರಿಸಲಾಗುತ್ತದೆ. ಬೇಸಿಗೆಯ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಕಳೆಯುವುದು ಅಥವಾ ಸತ್ತು ತೇಲುವುದು ಇದರ ಫಲ. ದಿನವಿಡೀ ಪಂಪು ನಡೆಸಲಾಗದವರು ಟೈಮರ್ ಜೋಡಿಸಿ, ನಡುರಾತ್ರಿಯಿಂದ ಬೆಳಗಿನ ಏಳರವರೆಗೆ ಕಡಿಮೆ ಹರಿವಿನಲ್ಲಾದರೂ ನಡೆಸಬೇಕು. ನೋಟಕ್ಕೆ ಸಂಜೆ ಒಂದೆರಡು ಗಂಟೆ ಸಾಕು.

ಜಲಪಾತದ ತಲೆಯಲ್ಲಿ ಜಲ್ಲಿ, ನಾರುಚಾಪೆಗಳ ಶೋಧಕ ತೊಟ್ಟಿಯಿದ್ದರೆ ಅದರಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ಮಲದ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ನಾಲ್ಕೈದು ಮೀನುಗಳಿಗಿಂತ ಹೆಚ್ಚು ಬಿಡಬಾರದು. ಹರಿವು ಬಹಳ ಹೊತ್ತು ನಿಂತರೆ ಈ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟಿ ಸಾಯುತ್ತವೆ; ಶೋಧಕವಿರುವ ಜಲಪಾತ ಸದಾ ಹರಿಯುತ್ತಿರಲೇಬೇಕು.

ತಾವರೆ, ನೈದಿಲೆಗಳಿಗೆ ಎಲೆಯ ಮೇಲೆ ನೀರು ಸಿಡಿಯುವುದು ಹಿತವಲ್ಲ, ಅವುಗಳನ್ನು ದೂರದ ತುದಿಯಲ್ಲಿ ನೆಡಬೇಕು. ಅಂಚಿನ ತೇವದಲ್ಲಿ ಬಜೆ, ಒಂದೆಲಗ ಚೆನ್ನಾಗಿ ಬೆಳೆಯುತ್ತವೆ. ನೇರಳೆ ಹೂವಿನ ಜಲಕಳೆ ಅಂದವಾಗಿ ಕಂಡರೂ ಅದನ್ನು ತರಬಾರದು. ಹೆಚ್ಚಾದ ಗಿಡಗಳನ್ನಾಗಲಿ, ಬೇಡವಾದ ಅಲಂಕಾರಿಕ ಮೀನುಗಳನ್ನಾಗಲಿ ಊರ ಕೆರೆಗೆ ಬಿಡುವುದು ಸ್ಥಳೀಯ ಜೀವಿಗಳಿಗೆ ಮಾಡುವ ದ್ರೋಹ.

ಸೊಳ್ಳೆ ಮತ್ತು ಡೆಂಗಿ

ಪಂಪು ನಿಂತಾಗಲೂ ನೀರು ಕಾಣುವಂತೆ ಮೆಟ್ಟಿಲುಗಳಲ್ಲಿ ಸಣ್ಣ ಗುಂಡಿಗಳನ್ನು ಇಡಬೇಕೆಂದು ಶೀತದೇಶಗಳ ಕೈಪಿಡಿಗಳು ಸಲಹೆ ಮಾಡುತ್ತವೆ. ನಮ್ಮ ಹವೆಗೆ ಈ ಸಲಹೆ ಅಪಾಯಕಾರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಗೈಯಷ್ಟು ತಿಳಿನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಬೇಕಾಗುವುದು ಸುಮಾರು ಒಂದು ವಾರದಿಂದ ಹತ್ತು ದಿನ. ಮೀನಿರುವ ಕೊಳಕ್ಕಿಂತ ಮೀನು ತಲುಪದ ಈ ಕಲ್ಲಿನ ಗುಂಡಿಗಳೇ ಅದಕ್ಕೆ ಪ್ರಿಯ. ಆದ್ದರಿಂದ ಪ್ರತಿ ಮೆಟ್ಟಿಲಿನ ತಳದಲ್ಲಿ ಬೆರಳು ಗಾತ್ರದ ಒಂದು ರಂಧ್ರವಿಟ್ಟು, ಪಂಪು ನಿಂತ ಬಳಿಕ ನೀರೆಲ್ಲ ಕೊಳಕ್ಕೆ ಬಸಿಯುವಂತೆ ಮಾಡಬೇಕು. ಊರಿಗೆ ಹೋಗುವಾಗ ಪಂಪು ಆರಿಸುವವರಿಗೆ ಇದು ಇನ್ನೂ ಮುಖ್ಯ.

ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಗೊಡುವ ಮನೆಗಳಿಗೆ ನಗರಗಳಲ್ಲಿ 400 ರೂ., ಗ್ರಾಮಗಳಲ್ಲಿ 200 ರೂ. ದಂಡ ನಿಗದಿಪಡಿಸಿತು. ದಂಡಕ್ಕಿಂತಲೂ ನೆರೆಮನೆಯ ಮಗುವಿನ ಜ್ವರ ದೊಡ್ಡದು. ಕೊಳದಲ್ಲಿ ಲಾರ್ವಾ ತಿನ್ನುವ ಮೀನುಗಳಿರಲಿ. ಮೀನಿಲ್ಲದಿದ್ದರೆ ಬಿಟಿಐ ಎಂಬ ಜೈವಿಕ ಲಾರ್ವಾನಾಶಕವನ್ನು ಸೂಚಿತ ಪ್ರಮಾಣದಲ್ಲಿ ಬಳಸಬಹುದು.

ಮಕ್ಕಳ ಸುರಕ್ಷತೆ

ಪುಟ್ಟ ಮಕ್ಕಳು ಮುಳುಗಲು ಆಳವಾದ ನೀರು ಬೇಕಿಲ್ಲ, ಮೂಗು ಬಾಯಿ ಮುಚ್ಚುವಷ್ಟು ಇದ್ದರೆ ಸಾಕು. ಮುಳುಗುವ ಮಗು ಕೂಗುವುದಿಲ್ಲ. ಕೂಗಿದರೂ ಜಲಪಾತದ ಸದ್ದಿನಲ್ಲಿ ಕೇಳಿಸುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿರುವ ಅಥವಾ ಬಂದುಹೋಗುವ ಮನೆಗಳಲ್ಲಿ ನೀರಿನ ಮೇಲ್ಮೈಗೆ ತುಸು ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸುವುದು ಅಥವಾ ಚಿಲಕವಿರುವ ಬೇಲಿ ಹಾಕುವುದು ಕೊಳ ತೋಡುವಾಗಲೇ ಆಗಬೇಕಾದ ಕೆಲಸ. ಜಾಲರಿಯು ಮಗುವಿನ ಭಾರವನ್ನು ಬಾಗದೆ ತಾಳಬೇಕು. ಅಷ್ಟು ವ್ಯವಸ್ಥೆ ಸಾಧ್ಯವಿಲ್ಲದವರಿಗೆ ಮತ್ತೊಂದು ಬಗೆಯಿದೆ. ಕೆಳಗಿನ ತೊಟ್ಟಿಯನ್ನು ನೆಲದೊಳಗೆ ಹುದುಗಿಸಿ, ಬಲವಾದ ಜಾಲರಿ ಮುಚ್ಚಿ, ಅದರ ಮೇಲೆ ನುಣುಪು ಬೆಣಚುಕಲ್ಲುಗಳನ್ನು ಹರಡಿದರೆ, ಬಿದ್ದ ನೀರು ಕಲ್ಲುಗಳ ನಡುವೆ ಇಳಿದುಹೋಗುತ್ತದೆ. ತೆರೆದ ಕೊಳವೇ ಇಲ್ಲದುದರಿಂದ ಮಕ್ಕಳಿಗೆ ಭಯವಿಲ್ಲ, ನೀರು ಆರುವುದೂ ಕಡಿಮೆ. ಜಾಲರಿಯ ಕೆಳಗೆ ಸೊಳ್ಳೆಬಲೆಯಂತಹ ಸಣ್ಣ ಕಣ್ಣಿನ ಬಲೆಯನ್ನೂ ಹಾಕಿದರೆ ಸೊಳ್ಳೆಯ ತೊಂದರೆಯೂ ತಗ್ಗುತ್ತದೆ.

ವರ್ಷವಿಡೀ ನಿರ್ವಹಣೆ

ವಾರಕ್ಕೊಮ್ಮೆ ಪಂಪಿನ ಬುಟ್ಟಿಯ ಕಸ ತೆಗೆದು, ಮೆಟ್ಟಿಲುಗಳ ರಂಧ್ರ ಕಟ್ಟಿಲ್ಲವೆಂದು ನೋಡಬೇಕು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ, ಅದು ಕಡಿತಗೊಳ್ಳುವುದನ್ನು ಖಚಿತಪಡಿಸಿಕೊಳ್ಳಬೇಕು. ಯುಗಾದಿಯ ಹೊತ್ತಿಗೆ ಎಲೆ ಉದುರುವ ಕಾಲ ಮುಗಿದ ಮೇಲೆ ತಳದ ಕೆಸರು ತೆಗೆದರೆ ಅದು ಹೂಗಿಡಗಳಿಗೆ ಉತ್ತಮ ಗೊಬ್ಬರ. ಮುಂಗಾರಿಗೆ ಮೊದಲು ಹೆಚ್ಚುವರಿ ನೀರು ಹೊರಹೋಗುವ ಕೊಳವೆ ಶುಚಿಯಾಗಿರಬೇಕು. ದೀಪಾವಳಿಯ ಬಳಿಕ ಮಳೆ ನಿಂತಾಗ ದಿಬ್ಬ ಕುಸಿದಿದೆಯೇ, ಚಪ್ಪಡಿ ವಾಲಿದೆಯೇ ಎಂದು ಮತ್ತೊಮ್ಮೆ ರಸಮಟ್ಟವಿಟ್ಟು ನೋಡಬೇಕು.

ಅಬ್ಬಿ ನೀರಿನ ಮನೆಗಳಲ್ಲಿ ತೊಟ್ಟಿಯಿಂದ ಉಕ್ಕಿದ ನೀರು ತೋಟಕ್ಕೆ ಸಲ್ಲುತ್ತದೆ. ಹಿತ್ತಿಲ ಜಲಪಾತಕ್ಕೂ ಅದೇ ಮಾದರಿ. ಮಳೆಯಿಂದ ಪಡೆದ ನೀರು ಕಲ್ಲಿನ ಮೇಲೆ ಹರಿದು, ಮೀನಿಗೆ ಉಸಿರಾಗಿ, ಕೊನೆಗೆ ಗಿಡದ ಬುಡ ಸೇರುವಂತಿದ್ದರೆ ಅಂತಹ ಜಲಪಾತವು ಮನೆಗೂ ಊರಿಗೂ ಹೊರೆಯಾಗದು.